ಮುಂದಿನ ಸೀಟು, ಹಸಿರು ಗೀರು

ಹೆಂಡತಿಯ ತವರಿಗೆ ನಾನು ಮನುಷ್ಯನ ಹಾಗೆ ಕುಳಿತು ಹೋದದ್ದೇ ಇಲ್ಲ. ನನ್ನ ಬದುಕಿನ ದೊಡ್ಡ ಕೊರಗು ಇದೇ. ಗಾವಡಗೆರೆ ಅಂದರೆ ನಿಮಗೆ ಹುಣಸೂರು ತಾಲ್ಲೂಕಿನ ಒಂದು ಊರು ಅಷ್ಟೇ. ನನಗೆ ಅದು ಮರ್ಯಾದೆಯ ಪರೀಕ್ಷಾ ಕೇಂದ್ರ.

ಮದುವೆಯಾದ ಹೊಸತರಲ್ಲಿ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆ. ಕೂರಲು ಮೆತ್ತಗೆ ಹಾಸಿದ ಹುಲ್ಲನ್ನು ದಾರಿಯಲ್ಲಿ ಎತ್ತೇ ಕತ್ತು ಹಿಂದಕ್ಕೆ ತಿರುಗಿಸಿ ತಿಂದು ಮುಗಿಸುತ್ತಿತ್ತು. (ನಗಬೇಡಿ. ನಮ್ಮ ಬಲಗಡೆ ಎತ್ತಿನ ಕತ್ತು ಪೂರಾ ಒಂದು ಸುತ್ತು ತಿರುಗುತ್ತಿತ್ತು. ನೋಡಿದವರು ಈಗ ಯಾರೂ ಬದುಕಿಲ್ಲ, ಅದು ನನ್ನ ತಪ್ಪಲ್ಲ.) ಆಮೇಲೆ ಬಸ್ಸು ಬಂತು. ಬಸ್ಸಿನಲ್ಲಿ ನನಗೆ ಸಿಗುತ್ತಿದ್ದದ್ದು ಡ್ರೈವರ್ ಪಕ್ಕದ ಇಂಜಿನ್ ಮುಚ್ಚಳದ ಮೇಲಿನ ಜಾಗ. ಗಾವಡಗೆರೆ ಬರುವಷ್ಟರಲ್ಲಿ ನಾನು ಒಂದು ಮಗ್ಗುಲು ಹದವಾಗಿ ಬೆಂದಿರುತ್ತಿದ್ದೆ. ಆಮೇಲೆ ಮಗನ ಬೈಕು ಬಂತು. ಮಗ ಮುಂದೆ, ಅವರಮ್ಮ ನಡುವೆ, ನಾನು ಹಿಂದೆ. ಹಿಂದೆ ಅಂದರೆ ಸೀಟಿನ ಹಿಂಭಾಗದಲ್ಲಿ ಅಲ್ಲ, ಸೀಟು ಮುಗಿದ ಮೇಲೆ.

ಹೀಗಿರುವಾಗ ನನ್ನ ಮೊಮ್ಮಗಳು ಮಧುಶ್ರೀ ಕಾರು ತಂದಳು. ಹುಣಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು ಅವಳು. ಕಾರು ಹೊಸದು, ಆಗ ತಾನೇ ತಟ್ಟೆಗೆ ಬಿದ್ದ ಇಡ್ಲಿಯಷ್ಟು ಬಿಳುಪು. ಪಿರಿಯಾಪಟ್ಟಣದ ಮಗ್ಗುಲ ನಮ್ಮೂರಲ್ಲಿ ಹೆಣ್ಣುಮಗಳೊಬ್ಬಳು ಕಾರು ಓಡಿಸಿಕೊಂಡು ಬಂದದ್ದು ಅದೇ ಮೊದಲು. ಕೋಳಿಗಳು ಕೂಡ ದಾರಿ ಬಿಟ್ಟು ನಿಂತು ನೋಡಿದವು.

ಮುಂದಿನ ಭಾನುವಾರವೇ ಗಾವಡಗೆರೆಯಲ್ಲಿ ನನ್ನ ಭಾಮೈದನ ಮನೆಯಲ್ಲಿ ಹರಕೆಯ ಮರಿ ಊಟ. ಮಗ ಸೊಸೆಗೆ ಹೊಗೆಸೊಪ್ಪಿನ ಹೊಲಕ್ಕೆ ಗೊಬ್ಬರ ಕೊಡುವ ಕೆಲಸ. ಹೊರಡುವವರು ಮಧುಶ್ರೀ, ನಾನು, ನನ್ನ ಹೆಂಡತಿ ಪುಟ್ಟಮಾದಮ್ಮ. ಮಧುಶ್ರೀ ಸ್ಟೀರಿಂಗ್ ಹಿಡಿಯುತ್ತಾಳೆ. ಹಾಗಾದರೆ ಅವಳ ಪಕ್ಕ, ಮುಂದಿನ ಸೀಟಿನಲ್ಲಿ, ಗಾಜಿನ ಹಿಂದೆ ಊರಿಗೆಲ್ಲ ಕಾಣುವ ಹಾಗೆ ಕೂರುವವರು ಯಾರು?

"ತವರು ನಂದು. ಮುಂದೆ ಕೂರೋಳು ನಾನು" ಎಂದಳು ಪುಟ್ಟಮಾದಮ್ಮ.

"ಅಳಿಯ ನಾನು ಕಣಮ್ಮಿ. ಅಳಿಯ ಹಿಂದ್ಗಡೆ ಬಾಗ್ಲಿಂದ ಇಳುದ್ರೆ ಏನ್ ಮರ್ವಾದೆ?"

"ಹಲ್ಲಿಲ್ದೋದ್ ಅಳಿಯ!"

"ಹಲ್ಲಿಗೂ ಸೀಟಿಗೂ ಏನಮ್ಮಿ ಸಂಬಂಧ? ಕುಂತ್ಕೊಳ್ಳೋದು ಹಲ್ಲಿನ್ ಮ್ಯಾಲಾ?"

ಮಧುಶ್ರೀ ನ್ಯಾಯಾಧೀಶೆಯಾದಳು. "ಹೋಗ್ತಾ ತಾತ ಮುಂದೆ, ಬರ್ತಾ ಅಜ್ಜಿ ಮುಂದೆ. ಇನ್ನೊಂದು ಮಾತಾಡಿದ್ರೆ ಇಬ್ರೂ ಡಿಕ್ಕಿಲಿ."

ತೀರ್ಪು ನನ್ನ ಕಡೆಗೇ ಇತ್ತು. ಅದನ್ನು ನಾನು ಶನಿವಾರ ಸಂಜೆಯವರೆಗೆ ಕಾಪಾಡಿಕೊಂಡೆ.

ನಮ್ಮ ಮನೆಯ ಮಗ್ಗುಲಲ್ಲೇ ಬ್ಯಾರನ್ ಇದೆ, ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಸೊಪ್ಪು ಬೇಯಿಸುವ ಕಾಲ ಹತ್ತಿರ ಬಂತೆಂದು ನನ್ನ ಮಗ ಅದರ ಬಾಗಿಲಿಗೆ ಆ ಮಧ್ಯಾಹ್ನ ತಾನೇ ಹಸಿರು ಬಣ್ಣ ಬಳಿದಿದ್ದ. ಸಂಜೆ ಕೆಲಸ ಮುಗಿಸಿ ಬಂದ ಮಧುಶ್ರೀ ಕಾರನ್ನು ಬ್ಯಾರನ್ ನೆರಳಿಗೆ ಹಿಮ್ಮುಖವಾಗಿ ನಿಲ್ಲಿಸಲು ಹೊರಟಳು. ಕಾರು ರಿವರ್ಸ್ ಬರುವಾಗ ಹಿಂದೆ ನಿಂತು ಕೈ ಆಡಿಸುವುದು ಗಂಡಸಾಗಿ ಹುಟ್ಟಿದವನ ಕರ್ತವ್ಯವಲ್ಲವೇ? ಓಡಿ ಹೋಗಿ ನಿಂತೆ.

"ಬರ್ಲಿ... ಬರ್ಲಿ... ಬರ್ಲೀ..."

ಎದುರು ಮನೆಯ ಬೆಟ್ಟಸ್ವಾಮಿ ಜಗುಲಿಯಲ್ಲಿ ಕುಳಿತಿದ್ದ. ಅವನು ನನ್ನ ಗತ್ತು ನೋಡುತ್ತಿದ್ದಾನೋ ಇಲ್ಲವೋ ಎಂದು ನಾನು ಅವನ ಕಡೆ ನೋಡುತ್ತಿದ್ದೆ. ನೋಡುತ್ತಿದ್ದ. ಹಾಗಾಗಿ ಇನ್ನೂ ಜೋರಾಗಿ ಕೈ ಬೀಸಿದೆ. "ಬರ್ಲಿ, ಬರ್ಲಿ, ಇನ್ನೂ ಹೊಲದಷ್ಟು ಜಾಗ ಅದೆ, ಬರ್ಲೀ..."

ಕಿರ್‌ರ್‌ರ್ ಅಂದಿತು.

"ನಿಲ್ಲುಸು" ಎಂದೆ, ಕಾರು ನಿಂತ ಮೇಲೆ.

ಮಧುಶ್ರೀ ಇಳಿದು ಬಂದಳು. ಬಿಳಿ ಕಾರಿನ ಹಿಂದಿನ ಬಾಗಿಲ ಮೇಲೆ ಮೊಳದುದ್ದ ಹಸಿರು ಗೀರು, ಹಬ್ಬಕ್ಕೆ ತೋರಣ ಕಟ್ಟಿದ ಹಾಗೆ.

"ತಾತ, ಕಾರು ಒಳಗೆ ಪೀಂ ಪೀಂ ಅಂತ ಬಡ್ಕೊಳ್ತಿತ್ತು. ನೀವು ಬರ್ಲಿ ಅಂತಿದ್ದೀರಲ್ಲ ಅಂತ ನಾನು ಬಂದೆ."

"ಮಿಷನ್ನಿಗೆ ನನ್ಗಿಂತ ಜಾಸ್ತಿ ಗೊತ್ತಾ ಅಂದ್ಕಂಡಿದ್ದೆ ಕಣವ್ವ."

"ಈಗ?"

"ಈಗ ಸ್ವಲ್ಪ ಅನುಮಾನ ಬತ್ತದೆ."

ಅವಳು ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಹೊಸ ತೀರ್ಪು ಕೊಟ್ಟಳು. "ನಾಳೆ ಹೊರಡೋ ಹೊತ್ತಿಗೆ ಈ ಗೀರು ಹೋಗಿದ್ರೆ ಮುಂದಿನ ಸೀಟು ನಿಮ್ದು. ಹೋಗ್ದಿದ್ರೆ ಅಜ್ಜಿ ಮುಂದೆ, ನೀವು ಬಸ್ಸಲ್ಲಿ ಬನ್ನಿ."

"ಹಿಂದಿನ ಸೀಟು ಖಾಲಿ ಇರ್ತದಲ್ಲವ್ವ?"

"ಗೀರು ಹಾಕಿದವರಿಗೆ ಹಿಂದಿನ ಸೀಟೂ ಇಲ್ಲ."

ಪುಟ್ಟಮಾದಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಗಾವಡಗೆರೆಗೆ ಉಡುವ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದಳು. ಗೆದ್ದವಳ ಲಕ್ಷಣ.

ನಾನು ಗೀರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಪರೀಕ್ಷಿಸಿದೆ. ಉಗುರಿನ ತುದಿಯಿಂದ ಮೆಲ್ಲಗೆ ಕೆರೆದೆ. ಹಸಿರು ಚೂರು ಉಗುರಿಗೆ ಬಂತು, ಅಡಿಯಲ್ಲಿ ಬಿಳುಪು ಹಾಗೇ ಇತ್ತು! ಅಂದರೆ ಕಾರಿನ ಬಣ್ಣ ಹೋಗಿಲ್ಲ, ಬಾಗಿಲಿನ ಬಣ್ಣ ಬಂದು ಕುಳಿತಿದೆ. ಇದು ಗಾಯವಲ್ಲ, ಮೆತ್ತಿದ್ದು. ಮನೆಗೆ ಬಂದ ನೆಂಟರ ಹಾಗೆ. ಉಪಾಯವಾಗಿ ಹೊರಡಿಸಬೇಕು, ಗೋಡೆಗೆ ಪೆಟ್ಟಾಗಬಾರದು.

ಬೆಟ್ಟಸ್ವಾಮಿ ರಸ್ತೆ ದಾಟಿ ಬಂದ. "ಉಪ್ಪುಕಾಗ್ದ ತತ್ತೀನಿ ತಡಿ ಮುದ್ದಣ್ಣ. ಎರಡ್ ಉಜ್ಜು ಉಜ್ಜುದ್ರೆ ಒಳಗ್ ಏನದೆ ಅಂತ ಗೊತ್ತಾಯ್ತದೆ."

"ಒಳಗೆ ತಗಡು ಅದೆ ಅಂತ ನಂಗೆ ಉಜ್ಜದೇನೆ ಗೊತ್ತು ಕಣ್ಲಾ. ಸುಮ್ಕಿರು."

ಅವನು ಸುಮ್ಮನಿರಲಿಲ್ಲ. ಫೋನು ತೆಗೆದು ಗೀರಿನ ಫೋಟೊ ಹಿಡಿದ.

"ಯಾಕ್ಲಾ?"

"ನೆಪ್ಪಿಗೆ."

ಮೊದಲು ಸೋಪಿನ ನೀರು. ಗೀರು ಸ್ನಾನ ಮಾಡಿ ಇನ್ನೂ ಲಕ್ಷಣವಾಯಿತು, ಹೋಗಲಿಲ್ಲ. ಅಷ್ಟರಲ್ಲಿ ಪುಟ್ಟಮಾದಮ್ಮ ತಾನಾಗಿಯೇ ಒಂದು ತಟ್ಟೆ ತಂದಿಟ್ಟಳು: ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು.

"ತಕ್ಕಳಿ. ಸೀದೋದ್ ತಪ್ಪಲೆಗೆ ಇದೇ ಮದ್ದು. ಚೆನ್ನಾಗಿ ಒತ್ತಿ ಉಜ್ಜಿ, ಹೆದುರ್ಬೇಡಿ."

ಗಂಡನಿಗೆ ಇಷ್ಟು ಪ್ರೀತಿಯಿಂದ ಅವಳು ಏನಾದರೂ ಕೊಟ್ಟು ಬಹಳ ವರ್ಷವಾಗಿತ್ತು. ಹಾಗಾಗಿ ಅನುಮಾನ ಬಂತು. "ಈ ನಾರಲ್ಲಿ ಉಜ್ಜುದ್ರೆ ಒಂದ್ ಗೀರು ಹೋಗಿ ನೂರ್ ಗೀರು ಬತ್ತವೆ ಕಣಮ್ಮಿ. ಆಗ ನಾನು ಬಸ್ಸಲ್ಲೂ ಅಲ್ಲ, ನಡ್ಕಂಡೇ ಬರ್ಬೇಕಾಯ್ತದೆ."

"ಉಪಕಾರ ಮಾಡಾಕ್ ಬಂದ್ರೆ ಇಂಗಂತಾರೆ!" ಎಂದು ತಟ್ಟೆ ಎತ್ತಿಕೊಂಡು ಹೋದಳು. ಹೋಗುವಾಗ ನಾರನ್ನು ಮಾತ್ರ ನನ್ನ ಕೈಗೆಟುಕುವ ಹಾಗೆ ಬಿಟ್ಟು ಹೋದಳು. ದೊಡ್ಡ ರಾಜಕಾರಣಿ.

ಆಮೇಲೆ ಹಲ್ಲು ಉಜ್ಜುವ ಪೇಸ್ಟು ನೆನಪಾಯಿತು. ಇಷ್ಟು ವರ್ಷ ಅದನ್ನು ಹಚ್ಚಿ ಉಜ್ಜಿ ಹಲ್ಲುಗಳೇ ಹೋಗಿವೆ, ಒಂದು ಗೀರು ಹೋಗುವುದಿಲ್ಲವೇ? ನನ್ನ ಹಳೆಯ ಬನಿಯನ್ನಿನ ಮೆತ್ತನೆ ತುಂಡಿಗೆ ಪೇಸ್ಟು ಹಚ್ಚಿ, ಕಂದನ ಕೆನ್ನೆ ಒರೆಸಿದ ಹಾಗೆ ಒರೆಸಿದೆ. ಗೀರಿನ ಅಂಚು ಮಸುಕಾಯಿತು. ಆದರೆ ನಡುವಿನ ದಪ್ಪ ಭಾಗ ಜಗ್ಗಲಿಲ್ಲ. ಪೇಸ್ಟು ಪೂರಾ ಖರ್ಚಾಗಿ ಮಾರನೆಯ ದಿನ ಮನೆಮಂದಿಯೆಲ್ಲ ಬೇವಿನಕಡ್ಡಿ ಜಗಿದರು.

ಆಗ ಹೊಳೆಯಿತು ನನಗೆ, ಹೊಗೆಸೊಪ್ಪಿನವನ ವಿದ್ಯೆ.

ಹೊಗೆಸೊಪ್ಪು ಮುರಿಯುವವರ ಕೈಗೆ ಒಂದು ಅಂಟು ಹತ್ತುತ್ತದೆ. ಕಪ್ಪಗೆ, ಟಾರಿನ ಹಾಗೆ. ಸೋಪಿಗೆ ಹೆದರುವ ಜಾತಿಯಲ್ಲ ಅದು. ಒಂದು ವರ್ಷ ಬೆಳೆ ಎಷ್ಟು ಸೊಗಸಾಗಿ ಬಂದಿತ್ತೆಂದರೆ, ಸೊಪ್ಪು ಮುರಿದ ಕೈಯಲ್ಲೇ ಬೆಟ್ಟಸ್ವಾಮಿಗೆ ಕೈ ಕೊಟ್ಟು ಮಾತಾಡಿಸಿದೆ. ಇಬ್ಬರ ಕೈಯೂ ಅಂಟಿಕೊಂಡವು. ಬಿಡಿಸಲು ಆಗದೆ ಇಬ್ಬರೂ ಕೈ ಕೈ ಹಿಡಿದುಕೊಂಡೇ ಪಿರಿಯಾಪಟ್ಟಣದ ಸೊಪ್ಪಿನ ಹರಾಜಿಗೆ ಹೋಗಿ ಬಂದೆವು. ಅಲ್ಲಿದ್ದವರು, ಎಂಥ ಸ್ನೇಹಿತರಪ್ಪ ಎಂದು ಕಣ್ಣೀರು ಹಾಕಿದರು. (ಬೆಟ್ಟಸ್ವಾಮಿ ಇದನ್ನು ಒಪ್ಪುವುದಿಲ್ಲ. ಅವನಿಗೆ ಮರೆವು.) ಕೊನೆಗೆ ಆ ಅಂಟನ್ನು ಬಿಡಿಸಿದ್ದು ಟೊಮೆಟೊ. ಹಸಿರು ಕಾಯಿ ಟೊಮೆಟೊ ಹಿಸುಕಿ ರಸದಲ್ಲಿ ಕೈ ತಿಕ್ಕಿದರೆ ಎಂಥ ಅಂಟೂ ಬಿಡಬೇಕು. ನಮ್ಮ ಕಡೆ ಸೊಪ್ಪು ಮುರಿದವರಿಗೆಲ್ಲ ಇದು ಗೊತ್ತು.

ಹಿತ್ತಲಿನಿಂದ ಒಂದು ಮಂಕರಿ ಕಾಯಿ ಕಿತ್ತು ತಂದೆ. ರಸ ಹಿಂಡುವುದು, ನೆನೆಯಲು ಬಿಡುವುದು, ಬನಿಯನ್ನಿನಿಂದ ಮೆಲ್ಲಗೆ ಒರೆಸುವುದು. ಮತ್ತೆ ಹಿಂಡುವುದು. ಬೆಟ್ಟಸ್ವಾಮಿ, "ಕಾರಿಗೆ ಗೊಜ್ಜು ಮಾಡ್ತಾವ್ನೆ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ನಾನು ತಪಸ್ಸು ಬಿಡಲಿಲ್ಲ. ಬನಿಯನ್ ಹಸಿರಾಗುತ್ತ ಬಂತು. ಬನಿಯನ್ ಹಸಿರಾದಷ್ಟೂ ಕಾರು ಬಿಳುಪಾಯಿತು. ಬೆಳಕು ಮುಗಿಯುವ ಮೊದಲೇ ಗೀರು ಹೋಗಿತ್ತು! ಹೋಗಿತ್ತು ಅಂದರೆ ಇತ್ತು ಅನ್ನುವುದಕ್ಕೇ ಸಾಕ್ಷಿ ಇರಲಿಲ್ಲ.

ಮಧುಶ್ರೀ ಬಂದು ಬಗ್ಗಿ ನೋಡಿದಳು. ಫೋನಿನ ಬೆಳಕು ಬಿಟ್ಟು ನೋಡಿದಳು. "ತಾತ, ನೀವು ನಿಜವಾಗ್ಲೂ ಗ್ರೇಟು!"

ಪುಟ್ಟಮಾದಮ್ಮ ಗಾಳಿಗೆ ಹಾಕಿದ್ದ ಸೀರೆಯನ್ನು ಸರಕ್ಕನೆ ಎಳೆದುಕೊಂಡು ಒಳಗೆ ಹೋದಳು.

ಭಾನುವಾರ ನನ್ನ ಮೆರವಣಿಗೆ. ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕುಳಿತೆ. ಗಾಜು ಇಳಿಸಲು ಹೇಳಿದೆ, ಇಲ್ಲದಿದ್ದರೆ ಒಳಗಿರುವುದು ನಾನೇ ಎಂದು ಜನಕ್ಕೆ ಹೇಗೆ ತಿಳಿಯಬೇಕು? ಹುಣಸೂರು ಪೇಟೆಯಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಕೈ ಬೀಸಿದೆ.

"ಕೈ ಒಳಿಕ್ ತಕ್ಕಳಿ. ಓಟ್ ಕೇಳಾಕ್ ಬಂದೋರಂಗೆ ಆಡ್ಬೇಡಿ" ಎಂದಿತು ಹಿಂದಿನ ಸೀಟು.

ಗಾವಡಗೆರೆ ತಲುಪಿದೆವು. ಭಾಮೈದನ ಮನೆಯ ಮುಂದೆ ಶಾಮಿಯಾನ, ಜನವೋ ಜನ. ಕಾರು ನಿಂತ ಕೂಡಲೇ ಎಲ್ಲರೂ ಓಡಿ ಬಂದರು. ನಾನು ಮೀಸೆ ತೀಡಿಕೊಂಡು, ಯಾರಾದರೂ ಬಾಗಿಲು ತೆಗೆಯಲಿ ಎಂದು ಕಾದೆ. (ಬೆಲ್ಟು ಬಿಚ್ಚುವುದು ಗೊತ್ತಿರಲಿಲ್ಲ ಅನ್ನುವುದೂ ಒಂದು ಕಾರಣ.) ಆದರೆ ನನ್ನ ಕಡೆ ಒಬ್ಬನೂ ಬರಲಿಲ್ಲ. ಎಲ್ಲರೂ ಹಿಂದಿನ ಬಾಗಿಲ ಹತ್ತಿರ ಗುಂಪುಗೂಡಿ ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದರು. ಎಲ್ಲರಿಗಿಂತ ಮುಂದೆ ಭಾಮೈದನ ಹೆಂಡತಿ ಮರಮ್ಮ.

"ಎಲ್ಲಣ್ಣ ಗೀರು?"

"ಯಾವ ಗೀರು?"

ಮರಮ್ಮ ಫೋನು ತೋರಿಸಿದಳು. ಬೆಟ್ಟಸ್ವಾಮಿ ಸ್ಟೇಟಸ್ ಹಾಕಿದ್ದ. ಬಿಳಿ ಬಾಗಿಲು, ಹಸಿರು ಗೀರು, ಕೆಳಗೆ "ಮುದ್ದಣ್ಣನವರ ಹೊಸ ಕಾರು, ಬರ್ಲಿ ಬರ್ಲಿ". ಗಾವಡಗೆರೆ ಪೂರಾ ನೋಡಿತ್ತು. ಗೀರು ನೋಡಲೆಂದೇ ಬಂದ ಜನ, ಪಾಪ.

"ಅದಾ? ಉಜ್ಜಿ ತೆಗ್ದೆ" ಎಂದೆ ಹೆಮ್ಮೆಯಿಂದ.

"ಯಾತುರ್ಲಿ?"

"ಟಮಾಟದಲ್ಲಿ."

ಗುಂಪೆಲ್ಲ ಶಾಮಿಯಾನದ ಗೂಟ ಅಲುಗುವ ಹಾಗೆ ನಕ್ಕರು.

ಅವರನ್ನು ಬೈಯುವ ಹಾಗೂ ಇಲ್ಲ. ಕಾಡಂಚಿನ ದಾರಿಯಲ್ಲಿ ಚಿರತೆಯೊಂದು ನನ್ನ ಹತ್ತಿರ ಬೀಡಿಗೆ ಬೆಂಕಿ ಕೇಳಿದ ಕತೆಯನ್ನು ನಾನು ಹೇಳಿದ್ದು ಇದೇ ಜಗುಲಿಯಲ್ಲಿ. ನಮ್ಮ ಹೊಲದ ಒಂದು ಎಲೆ ಹೊಗೆಸೊಪ್ಪಿನ ಅಡಿಯಲ್ಲಿ ಇಡೀ ದಿಬ್ಬಣ ಮಳೆಗೆ ನಿಂತ ಕತೆಯೂ ಇಲ್ಲಿಯದೇ. ಅವನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದವರು, ಈ ಒಂದು ನಿಜವನ್ನು ಮಾತ್ರ ನಂಬಲಿಲ್ಲ.

ಮರಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಮಾನ ಹೇಳಿದಳು. "ಅವ್ರ ಕಾರಿಗೆ ಗೀರದೆ. ಇದುಕ್ಕಿಲ್ಲ. ಇದು ಯಾರ್ದೋ ಕೇಳಿ ತಂದಿರೋ ಎರವಲು ಕಾರು!"

ಮದುವೆಗೆ ಎರವಲು ಸರ ಹಾಕಿಕೊಂಡು ಬಂದವರನ್ನು ವರ್ಷಗಟ್ಟಲೆ ಆಡಿಕೊಳ್ಳುವ ಊರದು. ಎರವಲು ಕಾರು ಅಂದರೆ ಮೊಮ್ಮಕ್ಕಳ ಕಾಲಕ್ಕೂ ಸಾಕು. ಪುಟ್ಟಮಾದಮ್ಮನ ಮುಖ ಸಣ್ಣಗಾಯಿತು. ಮಧುಶ್ರೀ ಫೋನಿನಲ್ಲಿ ಕಾರಿನ ದಾಖಲೆ ತೆಗೆದು ಹಿಡಿದಳು.

"ಫೋನಲ್ಲಿ ಏನ್ ಬೇಕಾರೂ ತೋರುಸ್ಬೋದು ಬುಡವ್ವ" ಎಂದಳು ಮರಮ್ಮ.

ಪುಟ್ಟಮಾದಮ್ಮ ನನ್ನ ಕಡೆ ತಿರುಗಿದಳು. "ಜೀವಮಾನೆಲ್ಲ ಸುಳ್ ಹಂಚುದ್ರಿ. ಇವತ್ ಒಂದ್ ನಿಜ ಬೇಕು ಅಂದ್ರೆ ಎಲ್ಲಿಂದ್ ತರಣ?"

ಆಗ ಭಾಮೈದ ಒಂದು ದಾರಿ ತೋರಿಸಿದ. "ಭಾವ, ನಮ್ ಟ್ಯಾಕ್ಟ್ರಿಗೆ ಕೊಟ್ಗೆ ಬಾಗ್ಲಿನ್ ನೀಲಿ ಬಣ್ಣ ಮೆತ್ಕಂಡದೆ. ಟಮಾಟದಲ್ಲಿ ಅದ್ನ ತೆಗ್ದು ತೋರ್ಸಿ. ಹೋದ್ರೆ ಕಾರು ನಿಮ್ದೇ ಅಂತ ಊರೇ ಒಪ್ತದೆ."

"ಊಟ ಆದ್ಮ್ಯಾಕೆ..."

"ಆದ್ಮ್ಯಾಕಲ್ಲ. ಈಗ" ಎಂದಳು ಪುಟ್ಟಮಾದಮ್ಮ.

ಮರಿ ಮಾಂಸದ ಸಾರು ಕುದಿಯುವ ವಾಸನೆ ಮೂಗಿಗೆ, ಟೊಮೆಟೊ ಕೈಗೆ. ಕೆಂಪು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮುಂದೆ ಕುಳಿತು ಹಿಂಡಿದೆ, ಉಜ್ಜಿದೆ. ನೀಲಿ ಬಣ್ಣ ಮಿಸುಕಲಿಲ್ಲ. ಒಂದು ಪಂಕ್ತಿ ಊಟ ಎದ್ದಿತು. ಉಜ್ಜಿದೆ. ಇನ್ನೊಂದು ಪಂಕ್ತಿ ಎದ್ದಿತು. ಆಗ ತಿಳಿಯಿತು ನನಗೆ: ನಮ್ಮ ಬ್ಯಾರನ್ ಬಾಗಿಲಿನ ಬಣ್ಣ ಮಧ್ಯಾಹ್ನ ಬಳಿದದ್ದು, ಸಂಜೆಗೆ ಮೆತ್ತಿದ್ದು, ಇನ್ನೂ ಹಸಿ. ಅದಕ್ಕೇ ಬಿಟ್ಟಿತು. ಇದು ಎರಡು ಬೇಸಿಗೆ ಕಂಡ ಬಣ್ಣ, ಕಲ್ಲಾಗಿದೆ. ಟೊಮೆಟೊದ ಪರಾಕ್ರಮ ಅಷ್ಟರಲ್ಲೇ ಇತ್ತು. (ಇದು ನಮ್ಮ ನಿಮ್ಮಲ್ಲೇ ಇರಲಿ.)

ಊಟ ಮುಗಿಸಿ ಮರಮ್ಮ ಇನ್ನೊಂದು ಬಾಣ ಬಿಟ್ಟಳು. "ಅತ್ತಿಗೆ, ಕಾರು ನಿಮ್ದೇ ಆದ್ರೆ ನನ್ನ ಬೈಲಕುಪ್ಪೆ ಗೋಲ್ಡನ್ ಟೆಂಪಲ್‌ಗೆ ಒಂದ್ ಸುತ್ ಕರ್ಕಂಡೋಗಿ ಮತ್ತೆ. ಎರವಲಾದ್ರೆ ಬ್ಯಾಡ ಬುಡಿ, ಅವ್ರಿಗೆ ಪೆಟ್ರೋಲ್ ಲೆಕ್ಕ ಕೊಡ್ಬೇಕಲ್ಲ."

"ಹತ್ತು!" ಎಂದಳು ಪುಟ್ಟಮಾದಮ್ಮ.

ಮರಮ್ಮ ಹತ್ತಿದಳು. ಎಲ್ಲಿಗೆ? ಮುಂದಿನ ಸೀಟಿಗೆ. ನಾನು ಟೊಮೆಟೊ ಕೈಯಲ್ಲಿ ಹಿಡಿದು ಎದ್ದು ನಿಂತೆ. "ನಾನೂ ಬತ್ತೀನಿ..."

"ನೀವ್ ಉಜ್ಜಿ" ಎಂದರು ಅತ್ತಿಗೆ ನಾದಿನಿ ಇಬ್ಬರೂ. ಆ ಮನೆಗೆ ನಾನು ಅಳಿಯನಾದ ಮೇಲೆ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಕಾರು ಹೊರಟಿತು. ನನಗೆ ಎಲೆ ಹಾಕಿದಾಗ ಪಾತ್ರೆಯಲ್ಲಿ ಸಾರು ಇತ್ತು, ಮರಿ ಇರಲಿಲ್ಲ. ತೊಳೆದ ಕೈಗೆ ಭಾಮೈದ ಮತ್ತೆ ಟೊಮೆಟೊ ಕೊಟ್ಟ. ಈ ನಡುವೆ ಮಧುಶ್ರೀಯ ಫೋನಿನಿಂದ ಒಂದು ಫೋಟೊ ಬಂತು, ಎಲ್ಲರೂ ನೋಡಿದರು. ಇಬ್ಬರು ಅಜ್ಜಿಯರು ಹೆಗಲಿಗೆ ಹೆಗಲು ಕೊಟ್ಟು ಮೊಮೊ ತಿನ್ನುತ್ತಿದ್ದರು. ಹಿಂದೆ ಚಿನ್ನದ ಗೋಪುರ. ನನ್ನ ಹಿಂದೆ ಟ್ರ್ಯಾಕ್ಟರ್.

ಹೊತ್ತು ಇಳಿಯುವ ಸಮಯಕ್ಕೆ ಹಾರನ್ ಕೇಳಿಸಿತು. ಕಾರು ಬಂದು ನಿಂತಿತು. ಜನ ಮತ್ತೆ ಓಡಿದರು. ಈ ಸಲ ಬಗ್ಗಿ ಹುಡುಕುವ ಕೆಲಸವಿರಲಿಲ್ಲ. ಮುಂದಿನ ಬಾಗಿಲ ಮೇಲೆ, ಈ ತುದಿಯಿಂದ ಆ ತುದಿಗೆ, ದಪ್ಪಗೆ, ಕೆಂಪು ಗೀರು!

ಮರಮ್ಮ ಯುದ್ಧ ಗೆದ್ದವಳಂತೆ ಇಳಿದಳು. "ಸ್ವೆಟರ್ ಅಂಗ್ಡಿ ಮುಂದೆ ಒಂದ್ ಕೆಂಪು ಕಂಬ ಇತ್ತು ಕಣಣ್ಣ. ನಾನೇ ಕಿಟ್ಕೀಲಿ ತಲೆ ಹಾಕಿ, ಬರ್ಲಿ ಬರ್ಲಿ ಅಂತ ಹೇಳ್ದೆ. ಕಂಬವೇ ಬಂದ್ಬುಡ್ತು."

ನಾನು ಪುಟ್ಟಮಾದಮ್ಮನ ಮುಖ ನೋಡಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮರಮ್ಮ ಊರಿಗೆಲ್ಲ ಕೇಳುವಂತೆ ಸಾರಿದಳು. "ಕಾರು ಇವ್ರದ್ದೇ ಕಣ್ರಪ್ಪ! ಎರವಲಾಗಿದ್ರೆ ಗೀರು ಬಿದ್ದೇಟ್ಗೆ ನಮ್ಮತ್ತಿಗೆ ಎದೆ ಒಡ್ಕಂಡು ಅಲ್ಲೇ ಬಿದ್ದೋಗೋರು. ಈಯಮ್ಮ ಇನ್ನೊಂದ್ ತಟ್ಟೆ ಮೊಮೊ ಹೇಳುದ್ರು!"

ಊರು ತಲೆದೂಗಿತು. ಹೌದು, ಎರವಲು ಕಾರಿಗೆ ಇಷ್ಟು ಧಾರಾಳವಾಗಿ ಯಾರು ಗೀರು ಹಾಕಿಸುತ್ತಾರೆ? ದಿನವಿಡೀ ಉಜ್ಜಿ ನಾನು ಸಾಬೀತು ಮಾಡಲಾಗದ್ದನ್ನು ಮರಮ್ಮ ಒಂದು ಕಂಬದಿಂದ ಮಾಡಿದಳು.

"ಮಧೂ, ಗೀರು ಹಾಕಿದವರಿಗೆ ಹಿಂದಿನ ಸೀಟೂ ಇಲ್ಲ ಅಂದಿದ್ಯಲ್ಲ. ಆ ಕಾನೂನು ಎಲ್ಲೋಯ್ತವ್ವ?" ಎಂದೆ.

"ಅದು ತಾತಂದಿರಿಗೆ ಮಾತ್ರ."

ಹೊರಡುವಾಗ ಪುಟ್ಟಮಾದಮ್ಮ ಮುಂದೆ ಕುಳಿತಳು. ಬರ್ತಾ ಅವಳ ಸರದಿ, ಒಪ್ಪಂದ ಒಪ್ಪಂದವೇ. ನಾನು ಹಿಂದೆ ಕುಳಿತೆ. ನನ್ನ ತೊಡೆಯ ಮೇಲೆ ಮರಮ್ಮ ಒಂದು ಕ್ರೇಟ್ ಕಾಯಿ ಟೊಮೆಟೊ ತಂದಿಟ್ಟಳು. "ಮನೆಗೋದೇಟ್ಗೆ ಉಜ್ಜುಬುಡಣ್ಣ. ಹಸೀಲೇ ಆದ್ರೆ ಹೋಯ್ತದಂತೆ, ನಮ್ಮೆಜ್ಮಾನ್ರು ಹೇಳುದ್ರು." ಟ್ರ್ಯಾಕ್ಟರ್ ಮುಂದೆ ನಾನು ಕಂಡುಕೊಂಡದ್ದನ್ನು ಭಾಮೈದನೂ ಕಂಡುಕೊಂಡಿದ್ದ, ನನಗೆ ಹೇಳಲಿಲ್ಲ ಅಷ್ಟೇ.

ಹುಣಸೂರು ದಾಟುವಷ್ಟರಲ್ಲಿ ಪುಟ್ಟಮಾದಮ್ಮನ ಕೈಗೆ ಸೀಟಿನ ಮಗ್ಗುಲ ಹಿಡಿ ಸಿಕ್ಕಿತು. ಎಳೆದಳು. ಸೀಟು ಮಂಚದ ಹಾಗೆ ಹಿಂದಕ್ಕೆ ಬಂದು ಕ್ರೇಟಿನ ಮೇಲೆ ಕುಳಿತಿತು. ಕ್ರೇಟು ನನ್ನ ಮೇಲೆ ಮೊದಲೇ ಕುಳಿತಿತ್ತು. ಟೊಮೆಟೊ ಒಂದೊಂದಾಗಿ ರಸವಾಗುವ ಸದ್ದು ಕೇಳಿಸಿತು.

"ಅಯ್ಯೋ!" ಎಂದೆ.

"ಹಿಂದ್ಗಡೆ ಯಾರ್ ಅದು?" ಎಂದಳು ಕಣ್ಣು ಮುಚ್ಚಿಕೊಂಡೇ.

"ನಾನು ಕಣಮ್ಮಿ."

"ಓ, ನೀವಾ" ಎಂದು ಹಿಡಿಯನ್ನು ಇನ್ನೊಂದು ಸಲ ಎಳೆದಳು.